ಅನ್ನ ತಾ

ಸಿಟ್ಟು ಬಂದಿರುವುದು ಮಗಳ ಮೇಲೋ, ಜಪಾನ್ ದೇಶದ ಮೇಲೋ, ಎದುರಿಗೆ ಅಡ್ಡ ನಿಂತ ಮಟಾಟು ಎಂಬ ಬಾಡಿಗೆ ವ್ಯಾನಿನ ಮೇಲೋ ಎಂಬುದು ಮಧುಕರನಿಗೇ ಇತ್ಯರ್ಥವಾಗಿರಲಿಲ್ಲ. ಮೂವರಿಗೂ ಸೇರಿಸಿ ಒಮ್ಮೆಲೇ ಹಾರ್ನ್ ಒತ್ತಿದ. ಮಟಾಟುವಿನ ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರ್ ತಿರುಗಿ, "ಪೊಲೆ, ಮ್ಜೇ!" ಎಂದು ಕೈಯೆತ್ತಿ ನಕ್ಕ. ಮ್ಜೇ ಅಂದರೆ ಇಲ್ಲಿನವರ ಭಾಷೆಯಲ್ಲಿ ಅಜ್ಜ. ಐವತ್ತನಾಲ್ಕಕ್ಕೇ ಅಜ್ಜ. ಪೊಲೆ ಅಂದರೆ ತಪ್ಪಾಯಿತು. ಈ ಊರಿನಲ್ಲಿ ಕಾಲು ತುಳಿದರೂ ಪೊಲೆ, ಕರೆಂಟು ಹೋದರೂ ಪೊಲೆ, ಹೆಂಡತಿ ಸತ್ತರೂ ಪೊಲೆ. ಎರಡು ವರ್ಷದ ಹಿಂದೆ ಮೈಥಿಲಿ ತೀರಿಕೊಂಡಾಗ ಫ್ಯಾಕ್ಟರಿಯ ಗೇಟಿನವನಿಂದ ಹಿಡಿದು ತರಕಾರಿ ಮಾರುವ ಮುದುಕಿಯವರೆಗೆ ಎಲ್ಲರೂ ಒಂದು ತಿಂಗಳು ಪೊಲೆ ಪೊಲೆ ಎಂದು ಅವನ ತಲೆ ತಿಂದಿದ್ದರು. ಕೊನೆಗೊಂದು ದಿನ ಗೇಟಿನವನನ್ನು ಹಿಡಿದು ನಿಲ್ಲಿಸಿ, "ನೀನೇನು ಕೊಂದೆಯೇನೋ ಅವಳನ್ನ, ತಪ್ಪಾಯ್ತು ಅನ್ನೋಕೆ?" ಎಂದು ಕನ್ನಡದಲ್ಲೇ ಕೂಗಾಡಿದ್ದ. ಗೇಟಿನವನು ಅದಕ್ಕೂ ಪೊಲೆ ಅಂದಿದ್ದ.

"ಪಪ್ಪಾ, ಹಾರ್ನ್ ಮಾಡಿ ಯೂಸ್ ಇಲ್ಲ. ದೇರ್ ಆರ್ ಕೌಸ್," ಎಂದಳು ಹಿಂದಿನ ಸೀಟಿನಿಂದ ನಿಕಿತಾ. ನಿಜಕ್ಕೂ ಮಟಾಟುವಿನ ಮುಂದೆ ಹತ್ತಿಪ್ಪತ್ತು ದನಗಳು ಎನ್‌ಗಾಂಗ್ ರಸ್ತೆಯನ್ನು ತಮ್ಮದೇ ಹಿತ್ತಲೆಂಬಂತೆ ದಾಟುತ್ತಿದ್ದವು. ಭಾನುವಾರ ಹನ್ನೆರಡೂಕಾಲು. ಕರೆನ್‌ನಲ್ಲಿರುವ ಚಿದಾನಂದನ ಮನೆ ಇನ್ನೂ ಇಪ್ಪತ್ತು ನಿಮಿಷ ದೂರ. ದನಗಳು ಹೀಗೇ ಸಂಜೆಯವರೆಗೆ ದಾಟುತ್ತಿರಲಿ ಎಂದು ಒಳಗೊಳಗೇ ಹಾರೈಸಿಕೊಂಡ. ಹಾರೈಸುತ್ತಲೇ ಇನ್ನೊಮ್ಮೆ ಹಾರ್ನ್ ಒತ್ತಿದ. ಪಕ್ಕದ ಖಾಲಿ ಸೀಟಿನ ಮೇಲೆ ಹೋದ ವಾರ ಚಿದಾನಂದನ ಹೆಂಡತಿ ಭಾವನಾ ಕಟ್ಟಿಕೊಟ್ಟಿದ್ದ ಸ್ಟೀಲು ಡಬ್ಬಿಗಳು ತೊಳೆಸಿಕೊಂಡು, ಬೆಲ್ಟು ಕಟ್ಟಿಸಿಕೊಂಡು ಕೂತಿದ್ದವು. ಬೆಲ್ಟು ಕಟ್ಟದಿದ್ದರೆ ಕಾರು ಕುಂಯ್‌ಗುಡುತ್ತದೆ. ಎರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನದ ಊಟ ಆ ಮನೆಯಲ್ಲೇ. ಇಪ್ಪತ್ತು ವರ್ಷ ಈ ಊರಿನಲ್ಲಿ ಮಾತ್ರೆ ಒತ್ತುವ ಮೆಷಿನ್ನುಗಳನ್ನು ರಿಪೇರಿ ಮಾಡಿಸುತ್ತ, ಬಂದವರು ಹೋದವರ ಮೇಲೆಲ್ಲ ಹರಿಹಾಯುತ್ತ ಬಂದ ಮಧುಕರನಿಗೆ ಉಳಿದ ಸ್ನೇಹಿತನೆಂದರೆ ಈ ಹಲ್ಲಿನ ಡಾಕ್ಟರು ಒಬ್ಬನೇ. ಭಾನುವಾರ ಒಂದು ದಿನ ಅವನಿಗೆ ಯಾರೋ ಬಡಿಸುತ್ತಿದ್ದರು. ಇವತ್ತು ಆ ಊಟಕ್ಕೆ ಕಲ್ಲು ಬೀಳುವುದಿತ್ತು. ಕಲ್ಲು ಹಾಕುವವನು ತಾನೇ, ಅದೂ ಹಾಡಿ.

ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೂತಿದ್ದಾಗ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಚಿದಾನಂದ ಬರೆದದ್ದನ್ನು ಅವನೇ ಮಗಳಿಗೆ ಜಂಬದಿಂದ ಓದಿ ಹೇಳಿದ್ದ: ಇವತ್ತು ನಮ್ಮ ಮನೆಗೆ ಜಪಾನಿನ ಅತಿಥಿ, ಮಧುಕರ ಷಷ್ಟ್ಯಬ್ದಿಯಲ್ಲಿ ಹಾಡಿದ ಅದೇ ಹಾಡನ್ನು ಹಾಡಲಿದ್ದಾನೆ. ನಿಕಿತಾ ಚಮಚ ಕೆಳಗಿಟ್ಟಳು.

"ಪಪ್ಪಾ, ಆ ಸಾಂಗ್ ಏನು ಅಂತ ಯು ನೋ, ರೈಟ್?"

"ಗೊತ್ತಿಲ್ದೆ ಏನು? ಅನ್ನದ ಹಾಡು."

"ವಾಟ್ ಅನ್ನ?"

"ಅನ್ನ ತಾ, ಅನ್ನ ತಾ ಅಂತಾಳಲ್ಲೇ! ನೀನೇ ದಿನಾ ಕಾರಲ್ಲಿ ಹಾಕ್ತೀಯ, ಕಿವಿ ಕೇಳಲ್ವಾ?"

ನಿಕಿತಾಳಿಗೆ ಇಪ್ಪತ್ಮೂರು; ಊರ ನಡುವಿನ ಒಂದು ಆಫೀಸಿನಲ್ಲಿ ಕಾರ್ಟೂನು ಬರೆಯುತ್ತಾಳೆ, ಆ ನೆಪದಲ್ಲಿ ಜಪಾನೀ ಭಾಷೆ ಕಲಿಯುತ್ತಿದ್ದಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷು. ಆ ಇಂಗ್ಲಿಷಿನಲ್ಲೇ, ಮಕ್ಕಳಿಗೆ ಬಿಡಿಸಿ ಹೇಳುವಂತೆ ಹೇಳಿದಳು. ಅದು ಅನ್ನ ತಾ ಅಲ್ಲ, ಅನತಾ. ಅನತಾ ಅಂದರೆ ನೀನು. ಆದರೆ ಅಲ್ಲಿ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅನತಾ ಅನ್ನುತ್ತಾಳೆ; ಅಮ್ಮ ನಿನ್ನನ್ನು ರೀ ಅನ್ನುತ್ತಿರಲಿಲ್ಲವೇ, ಹಾಗೆ. ಕಸ ಅಂದರೆ ಕಸವಲ್ಲ, ಕೊಡೆ. 'ಅನತಾ ನೊ ಕಸ ಗ ಮದಾ ಕೊಕೊ ನಿ' ಅಂದರೆ, ರೀ, ನಿಮ್ಮ ಕೊಡೆ ಇನ್ನೂ ಇಲ್ಲೇ ಇದೆ. ಗಂಡ ಸತ್ತಿದ್ದಾನೆ. ಕೊಡೆ ಬಾಗಿಲ ಹಿಂದೆ ಹಾಗೇ ಇದೆ. ಹೊರಗೆ ಮಳೆ.

"ಇಟ್ಸ್ ಎ ವಿಡೋಸ್ ಸಾಂಗ್, ಪಪ್ಪಾ."

ಮೂರು ವಾರದ ಹಿಂದೆ ಚಿದಾನಂದನ ಷಷ್ಟ್ಯಬ್ದಿ. ಬೆಳಿಗ್ಗೆ ಆಯುಷ್ಯ ಹೋಮ, ಆಮೇಲೆ ಅರವತ್ತರ ಗಂಡ ಐವತ್ತಾರರ ಹೆಂಡತಿಗೆ ಹೊಸದಾಗಿ ತಾಳಿ ಕಟ್ಟಿ, ಎಲ್ಲರೂ ಅಕ್ಷತೆ ಹಾಕಿ, ನೂರಿಪ್ಪತ್ತು ಜನ ಹಾಲಿನ ನೆಲದ ಮೇಲೆ ಬಾಳೆಲೆಯ ಮುಂದೆ ಪಂಕ್ತಿಯಲ್ಲಿ ಕೂತಿದ್ದರು. ಪಂಕ್ತಿಯಲ್ಲಿ ಯಾರಾದರೂ ಹಾಡು ಹೇಳಬೇಕು, ಅದು ಮೈಸೂರಿನ ಕಡೆಯ ಚಿದಾನಂದನ ಮನೆಯ ಪದ್ಧತಿ. ಯಾರೋ ದೇವರನಾಮ ಹೇಳಿದರು, ಯಾರೋ ಶ್ಲೋಕ ಹೇಳಿ ಅರ್ಧಕ್ಕೆ ಮರೆತರು. "ಲೋ ಮಧು, ನಿಂದೊಂದು ಆಗ್ಲಿ!" ಎಂದು ಮದುಮಗ ಕೂಗಿದ. ಹಿರಿಯೂರಿನ ಕಡೆಯ ಹಳ್ಳಿಶಾಲೆಯಲ್ಲಿ ಬಾವುಟದ ಕೆಳಗೆ ನಿಂತು ಬಾಯಿ ಆಡಿಸಿದ್ದು ಬಿಟ್ಟರೆ ಮಧುಕರ ಹಾಡಿದವನಲ್ಲ. ಆದರೆ ಕಾರಿನಲ್ಲಿ ಕೇಳಿ ಕೇಳಿ ನಾಲಿಗೆಗೆ ಅಂಟಿಕೊಂಡದ್ದು ಒಂದಿತ್ತು, ಪಂಕ್ತಿಗೆ ಹೇಳಿ ಮಾಡಿಸಿದಂಥದು. ಅವನ ಕಿವಿಗೆ ಅದು ಗಂಡಹೆಂಡಿರ ಜಗಳದ ಹಾಡು. ಅನ್ನ ತಾ ಅನ್ನುತ್ತಾನೆ ಗಂಡ. ಕಸ ನೀ ಮಾಡ್ಕೊ ಅನ್ನುತ್ತಾಳೆ ಹೆಂಡತಿ. ನಡುವೆ ಆಮೆ ಆಮೆ ಎಂದು ಬರುತ್ತದೆ, ಬಡಿಸುವವರು ನಿಧಾನ ಎಂದಿರಬೇಕು. ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಬಾಳಕದ ಮೆಣಸಿನಕಾಯಿ ಹಿಡಿದು, ಎಳೆದೆಳೆದು ಹಾಡಿದ. "ಅನ್ನ ತಾ" ಎಂದಾಗಲೆಲ್ಲ ಬಡಿಸುವವರು ಓಡಿ ಬಂದು ಅವನ ಎಲೆಗೆ ಅನ್ನ ಹಾಕಿದರು. ಐದು ಸಲ ಅಂದಿದ್ದ, ಐದು ಸಲ ಹಾಕಿದರು. ನೂರಿಪ್ಪತ್ತು ಜನ ಎಲೆ ಮರೆತು ಚಪ್ಪಾಳೆ ತಟ್ಟಿದರು. ಆಮೆ ಅಂದರೆ ಮಳೆಯಂತೆ, ಈಗ ತಿಳಿಯಿತು. ಹೊಸ ತಾಳಿ ಕಟ್ಟಿಸಿಕೊಂಡು ಕೂತ ಭಾವನಾಳ ಎದುರಿಗೆ, ಹೋಮದ ಹೊಗೆ ಇನ್ನೂ ಹೋಗಿರದ ಹಾಲಿನಲ್ಲಿ, ವಿಧವೆಯ ಗೋಳನ್ನು ಐದು ಸಲ ಕೂಗಿ ಬಂದಿದ್ದ. ಬೆಕ್ಕು ಅಡ್ಡ ಬಂದರೆ ಕ್ಲಿನಿಕ್ಕಿಗೆ ಫೋನು ಮಾಡಿ ಗಂಡನನ್ನು ವಿಚಾರಿಸಿಕೊಳ್ಳುವ ಹೆಂಗಸು ಭಾವನಾ.

"ಆವತ್ತೇ ಯಾಕೆ ಬಾಯಿ ಮುಚ್ಕೊಂಡಿದ್ದೆ? ಅಪ್ಪ ಕೋತಿ ಆಗ್ಲಿ ಅಂತಲಾ?"

"ಬಿಕಾಸ್ ಯು ವರ್ ಸಿಂಗಿಂಗ್," ಎಂದಳು ನಿಕಿತಾ. "ಯು ಡೋಂಟ್ ಸಿಂಗ್, ಪಪ್ಪಾ."

ಅವನು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಬೈದ. ಆಮೇಲೆ ತಟ್ಟನೆ ಇನ್ನೊಂದು ಹೊಳೆಯಿತು. ಉಳಿದ ಹಾಡುಗಳು? ಎರಡು ವರ್ಷದಿಂದ ಬೆಳಿಗ್ಗೆ ಆಫೀಸಿಗೆ ಬಿಡುವಾಗ ಕಾರಿನಲ್ಲಿ ಬರುತ್ತಿದ್ದ ಆ ಎಲ್ಲವೂ? ಅವು ಕಾರ್ಟೂನಿನ ಹಾಡು ತಾನೇ? ಕಾರ್ಟೂನಿನಲ್ಲೂ ಜನ ಸಾಯುತ್ತಾರೆ ಪಪ್ಪಾ, ಎಂದಳು. ತಟ್ಟೆ ಎತ್ತಿಕೊಂಡು ಹೋಗುತ್ತ, ಅಂಥವು ತನ್ನ ಹತ್ತಿರ ಅರವತ್ತನಾಲ್ಕು ಇವೆ ಎಂದೂ, ಸ್ಟೇಷನ್ನಿನಲ್ಲಿ ಕಾಯುವುದು, ಖಾಲಿ ಕುರ್ಚಿ, ಒಗೆಯದೆ ಇಟ್ಟ ಅಂಗಿ ಹೀಗೆ ಬೇರೆ ಬೇರೆ ಇವೆ ಎಂದೂ ಹೇಳಿದಳು. ಅರವತ್ತನಾಲ್ಕು! ತನ್ನ ಮಗಳು ಹಿಂದಿನ ಸೀಟಿನಲ್ಲಿ ಕೂತು ಅಪ್ಪನಿಗೆ ತಿಳಿಯದ ಭಾಷೆ ಹುಡುಕಿ ಎರಡು ವರ್ಷ ಅಮ್ಮನಿಗಾಗಿ ಅತ್ತಿದ್ದಾಳೆ, ತಾನು ಮುಂದಿನ ಸೀಟಿನಲ್ಲಿ ಕೂತು ಸ್ಟೇರಿಂಗ್ ಮೇಲೆ ತಾಳ ಹಾಕಿದ್ದೇನೆ. ತಾನು ಅತ್ತಿರಲಿಲ್ಲ. ಕರಿಯೋಕೋರಿನ ಚಿತಾಗಾರದಲ್ಲಿ ಮೈಥಿಲಿಯನ್ನು ಮಲಗಿಸಿದ್ದಾಗ ಅವನು ಪುರೋಹಿತರ ಮೇಲೆ ರೇಗಿದ್ದ, ನನ್ನ ಹೆಂಡತಿ ಸತ್ತಿದ್ದಾಳೆ, ನೀವು ಫೋನು ನೋಡ್ತೀರಾ ಎಂದು. ಆ ಮನುಷ್ಯ ಫೋನು ತಿರುಗಿಸಿ ತೋರಿಸಿದರು. ಪರದೆಯ ಮೇಲೆ ಮಂತ್ರವಿತ್ತು. ಓದಿ ಎಂದ ಮಧುಕರ. ಆ ರೇಗಾಟ ಬಿಟ್ಟರೆ ಅಷ್ಟೇ ಅವನು ಆವತ್ತು ಆಡಿದ ಮಾತು.

ದನಗಳು ದಾಟಿ ಮುಗಿದವು. ಡಬ್ಬಿಗಳು ಕಣಕಣ ಎಂದವು.

ಇಷ್ಟಕ್ಕೂ ಈ ಜಪಾನಿನ ಹೆಂಗಸು ನಡುವೆ ಬಂದದ್ದು ಚಿದಾನಂದನ ದೊಡ್ಡಸ್ತಿಕೆಯಿಂದ. ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಷಷ್ಟ್ಯಬ್ದಿಯ ವಿಡಿಯೋ ತೋರಿಸುವುದು ಅವನ ಈಚಿನ ಚಟ. ರೋಗಿಯ ಬಾಯೊಳಗೆ ಕೊಳವೆ ಇರುವುದರಿಂದ ಯಾರೂ ಬೇಡ ಅನ್ನಲಾರರು. ಹೋದ ಬುಧವಾರ ಕುರ್ಚಿಯಲ್ಲಿ ಕೂತವರು ಹಿಸಾಕೊ ಎಂಬಾಕೆ, ಅರವತ್ತು ದಾಟಿದವರು, ಕರೆನ್‌ನ ಶಾಲೆಗಳ ಪಿಯಾನೊಗಳಿಗೆ ಶ್ರುತಿ ಮಾಡುವವರು. ಮಧುಕರನ ಹಾಡು ಶುರುವಾದದ್ದೇ ಆಕೆಯ ಕಣ್ಣಿಂದ ಧಾರಾಕಾರ ನೀರು. ಚಿದಾನಂದ ಗಾಬರಿಯಾಗಿ, ನೋವಿರಬೇಕೆಂದು ಇನ್ನೊಂದು ಇಂಜೆಕ್ಷನ್ ಕೊಟ್ಟ. ಅರ್ಧ ಮುಖ ಸತ್ತುಹೋಗಿದ್ದ ಆಕೆ ವಿಡಿಯೋದ ಕಡೆ ಬೆರಳು ತೋರಿಸಿ, "ಈ ಊಟ... ಈ ಊಟ..." ಎಂದರು. ಪರದೆಯ ಮೇಲೆ ಬಾಳೆಲೆ, ಅನ್ನ, ಹೋಳಿಗೆ.

"ಅಚ್ಚಕನ್ನಡ ಕಣೋ!" ಎಂದು ಚಿದಾನಂದ ಅವತ್ತೇ ಫೋನಿನಲ್ಲಿ ಬಡಬಡಿಸಿದ್ದ. "ಈ ಊಟ ಅಂದ್ರು! ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ರು ಗುರು. ನಮ್ಮೂಟ ಎಲ್ಲೋ ತಿಂದಿದಾರೆ. ಭಾವನಾ ಭಾನುವಾರ ಹೋಳಿಗೆ ಮಾಡ್ತಾಳೆ, ನೀನು ಬಂದು ಹಾಡ್ಬೇಕು."

ಬೆಳಿಗ್ಗೆ ಇದನ್ನು ಕೇಳಿ ನಿಕಿತಾ ಹಣೆ ಹಿಡಿದುಕೊಂಡಿದ್ದಳು. ಜಪಾನೀ ಭಾಷೆಯಲ್ಲಿ ಈ ಅಂದರೆ ಒಳ್ಳೆಯ. ಊಟ ಅಂದರೆ ಹಾಡು.

"ಹಾಡಿಗೆ ಊಟ ಅಂತಾರಾ?" ಎಂದು ಮಧುಕರ ಸಿಡಿದಿದ್ದ. "ಹಂಗಾದ್ರೆ ಹೊಟ್ಟೆಗೇನು ತಿಂತಾರೆ?"

ಚಿದಾನಂದನ ಗೇಟು ಬರುವಷ್ಟರಲ್ಲಿ ಒಂದು ಉಪಾಯ ಕೂಡಿಬಂದಿತ್ತು. ಗಂಟಲು ಕಟ್ಟಿದೆ. ಹಾಡಲಿಕ್ಕಾಗುವುದಿಲ್ಲ. ಉಂಡು, ಕೈತೊಳೆದು, ಆ ಹೆಂಗಸು ಬಾಯಿಬಿಡುವ ಮೊದಲು ಹೊರಟುಬಿಡುವುದು. ಬಾಗಿಲಲ್ಲೇ ಪಿಸುದನಿಯಲ್ಲಿ ಗಂಟಲು ಮುಟ್ಟಿ ತೋರಿಸಿದ. ಹಲ್ಲಿನ ಡಾಕ್ಟರ ಮುಂದೆ ಗಂಟಲು ತೋರಿಸಬಾರದೆಂದು ಹೊಳೆದದ್ದು ಆಮೇಲೆ. ಚಿದಾನಂದ ಅವನನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ, ಜೇಬಿನಿಂದ ಟಾರ್ಚು ತೆಗೆದು, "ಬಾಯಿ ತೆಗಿ, ಇನ್ನೂ, ಆ ಅನ್ನು," ಎಂದು, ಸೋಫಾದಲ್ಲಿ ಕೈಕಟ್ಟಿ ಕೂತಿದ್ದ ಪುಟ್ಟ ಗಾತ್ರದ ಹಿಸಾಕೊ ಅವರ ಎದುರಿಗೇ ಅವನ ಬಾಯೊಳಗೆಲ್ಲ ಬೆಳಕು ಆಡಿಸಿದ. "ಗಂಟಲು ಫಸ್ಟ್ ಕ್ಲಾಸ್! ಹಿಂದಿನ ದವಡೆ ಕೊಳೀತಾ ಇದೆ, ಬುಧವಾರ ಬಾ." ಹಿಸಾಕೊ ಎದ್ದು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬಾಯಿ ಇನ್ನೂ ತೆರೆದೇ ಇದ್ದ ಮಧುಕರನೂ ಬಗ್ಗಿದ.

"ಹಿಸಾಕಮ್ಮ, ದಿಸ್ ಈಸ್ ಅವರ್ ಸಿಂಗರ್," ಎಂದ ಚಿದಾನಂದ.

ಊಟಕ್ಕೆ ಕೂತರು. ಭಾವನಾ ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ ಬಡಿಸುತ್ತ ಬಂದಳು. ಕೊರಳಲ್ಲಿ ಹಳೆಯ ತಾಳಿಯ ಪಕ್ಕ ಹೊಸ ತಾಳಿ, ಬಗ್ಗಿದಾಗಲೆಲ್ಲ ಎರಡೂ ತೂಗಿ ಒಂದಕ್ಕೊಂದು ತಾಗುತ್ತಿದ್ದವು. ಮಧುಕರ ಬೇಡವೆಂದರೂ ಅದನ್ನೇ ನೋಡಿದ. ಇವತ್ತು ಗೊತ್ತಾದರೆ ಮುಂದಿನ ಭಾನುವಾರ ಈ ಬಾಗಿಲು ಇಲ್ಲ. ನಾಳೆ ಚಿದಾನಂದನಿಗೆ ಒಂದು ಸೀನು ಬಂದರೂ ಅದು ಮಧುಕರನ ಹಾಡಿನಿಂದ. ಭಾವನಾ ಬಾಯಿಬಿಟ್ಟು ಬೈಯುವವಳಲ್ಲ. ಡಬ್ಬಿ ಕಟ್ಟಿಕೊಡುವುದನ್ನು ನಿಲ್ಲಿಸುತ್ತಾಳೆ, ಫೋನು ತೆಗೆಯುವುದನ್ನು ನಿಲ್ಲಿಸುತ್ತಾಳೆ. ಹಿಸಾಕೊ ಅವರ ಗಂಡ ನೀರಿನ ಪಂಪಿನ ಎಂಜಿನಿಯರು, ನಾಲ್ಕು ವರ್ಷದ ಹಿಂದೆ ಇಲ್ಲೇ ತೀರಿಕೊಂಡರಂತೆ, ಮಕ್ಕಳಿಲ್ಲವಂತೆ ಎಂದು ಚಿದಾನಂದ ಹೋಳಿಗೆ ಮುರಿಯುತ್ತ ಹೇಳಿದಾಗಂತೂ ಮಧುಕರನಿಗೆ ಸಾರು ನೆತ್ತಿಗೇರಿತು. ಎದುರಿಗೆ ನಿಕಿತಾ ಕಣ್ಣಲ್ಲೇ ಬೇಡ ಎಂದಳೋ ಹಾಡು ಎಂದಳೋ ತಿಳಿಯಲಿಲ್ಲ.

"ಹೂಂ, ಶುರು ಮಾಡೋ!" ಎಂದ ಚಿದಾನಂದ. "ಅನ್ನ ರೆಡಿ ಇದೆ. ಭಾವನಾ, ಸೌಟು ಹಿಡ್ಕೊ."

ಮಧುಕರನ ತಲೆಯೊಳಗೆ ಏನೋ ಕಳಚಿತು. ಯಾವಾಗಲೂ ಹೀಗೇ, ಹೆದರಿಕೆ ತುದಿ ಮುಟ್ಟಿದರೆ ಅವನಿಗೆ ಸಿಟ್ಟು ಬರುತ್ತದೆ. "ಏನ್ ಅನ್ನ! ಎಂಥ ಅನ್ನ!" ಎಂದು ಎಲೆಯ ಮುಂದೆಯೇ ಗುಡುಗಿದ. "ಅದು ಅನ್ನದ ಹಾಡಲ್ಲ ಕಣೋ ದಡ್ಡ! ಗಂಡ ಸತ್ತೋಳು ಅಳೋ ಹಾಡು! ರೀ, ನಿಮ್ಮ ಕೊಡೆ ಇಲ್ಲೇ ಇದೆ ಅಂತ ಅಳೋದು! ನಿನ್ನ ಷಷ್ಟ್ಯಬ್ದಿಲಿ ಐದು ಸಲ ಅತ್ತಿದೀನಿ ನಾನು, ನೀವೆಲ್ಲ ಚಪ್ಪಾಳೆ ತಟ್ಟಿದೀರಿ! ಇವರು ಊಟ ಕೇಳ್ಲಿಲ್ಲ, ಹಾಡು ಚೆನ್ನಾಗಿದೆ ಅಂದ್ರು! ಈಗ ಕಳಿಸ್ತೀರೋ ಮನೆಗೆ? ಕಳಿಸಿ!"

ಚಿದಾನಂದನ ಬಾಯಲ್ಲಿ ಹೋಳಿಗೆ ನಿಂತಿತು. ಭಾವನಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಸರಸರ ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು, ಇನ್ನೊಂದನ್ನು ಕುಕ್ಕಿದ ಸದ್ದು, ಕಪಾಟಿನ ಬಾಗಿಲು ಬಡಿದ ಸದ್ದು. ಮಧುಕರ ಎಂಜಲು ಕೈಯಲ್ಲೇ ಅರ್ಧ ಎದ್ದ. ಅಷ್ಟರಲ್ಲಿ ಭಾವನಾ ತುಪ್ಪದ ಬಟ್ಟಲು ಹಿಡಿದು ಬಂದಳು.

"ಕೂತ್ಕೊಳ್ಳಿ ಮಧುಕರ್. ಎಲೆ ಮುಂದೆ ಅರ್ಧಕ್ಕೆ ಏಳ್ತಾರಾ? ಆವತ್ತೇ ಗೊತ್ತಾಯ್ತು ನಂಗೆ."

"ಜಪಾನೀಸ್ ಬರುತ್ತಾ ನಿಂಗೆ?" ಎಂದ ಚಿದಾನಂದ.

"ಜಪಾನೀಸ್ ಯಾಕ್ರೀ ಬೇಕು? ಅನ್ನ ಕೇಳೋರು ಯಾರಾದ್ರೂ ಆ ದನೀಲಿ ಕೇಳ್ತಾರಾ? ಯಾವನಾದ್ರೂ ಐದು ಸಲ ಅನ್ನ ಹಾಕಿಸ್ಕೊಂಡು ಒಂದು ತುತ್ತೂ ತಿನ್ನದೆ ಕೈ ತೊಳೀತಾನಾ? ಮೈಥಿಲಿಗೇ ಹಾಡ್ತಿದಾರೆ ಅಂತ ಸುಮ್ನಿದ್ದೆ." ಅವನ ಅನ್ನದ ಮೇಲೆ ತುಪ್ಪ ಸುರಿದು, ಇನ್ನೂ ಸಿಟ್ಟಿನಲ್ಲೇ ಅಂದಳು: "ಮಾರನೇ ದಿನ ಇವರ ಹೆಸರಲ್ಲಿ ಶಾಂತಿ ಮಾಡಿಸ್ದೆ. ಪುರೋಹಿತರು ಬಂದಿದ್ರಲ್ಲ, ಸತ್ಯನಾರಾಯಣ ಅಂತ ಸುಳ್ಳು ಹೇಳಿದ್ದೆ ನಿಮಗೆಲ್ಲ."

"ಅದಕ್ಕೇ ನನ್ನ ಬಿಪಿ ಇಳಿದಿದೆ!" ಎಂದ ಚಿದಾನಂದ ಸಂತೋಷದಿಂದ.

ಹಿಸಾಕೊ ಅವರಿಗೆ ನಿಕಿತಾ ಮೆಲ್ಲಗೆ ಎಲ್ಲವನ್ನೂ ಹೇಳುತ್ತಿದ್ದಳು. ಅನ್ನ, ಕಸ, ಆಮೆ. ಆಕೆ ಗಂಭೀರವಾಗಿ ಕೇಳಿ, ಬೆರಳು ಒರೆಸಿಕೊಂಡು, ಮಧುಕರನ ಕಡೆ ತಿರುಗಿ, ತುಂಡು ತುಂಡು ಇಂಗ್ಲಿಷಿನಲ್ಲಿ ಮೊದಲು ಹೇಳಿದ್ದು, ನಿಮ್ಮ ಉಚ್ಚಾರ ಬಹಳ ಕೆಟ್ಟದಾಗಿದೆ ಎಂದು. ಶ್ರುತಿ ಪರವಾಗಿಲ್ಲ. ಅನ್ನತಾ ಅಲ್ಲ. ಅ, ನ, ತಾ. ಮೂರೂ ಒಂದೇ ತೂಕ. ಹೇಳಿ. ಫ್ಯಾಕ್ಟರಿಯಲ್ಲಿ ನಲವತ್ತು ಜನರನ್ನು ನಡುಗಿಸುವ ಮಧುಕರ, ಮಗ್ಗಿ ತಪ್ಪಿದ ಹುಡುಗನ ಹಾಗೆ ಅನ್ನತಾ ಎಂದ. ನೋ. ಅನ್ನತಾ. ನೋ. ಹತ್ತನೆಯ ಸಲಕ್ಕೋ ಹನ್ನೊಂದನೆಯ ಸಲಕ್ಕೋ ಅನ್ನ ಆ ಮಾತಿನಿಂದ ಕಳಚಿಕೊಂಡು ಹೋಯಿತು. ಉಳಿದದ್ದು ಬರೀ ಒಂದು ಕೂಗು, ಯಾರೋ ಒಳಗಿನ ಕೋಣೆಯಿಂದ ಕರೆದಂತೆ. ರೀ. ಮೈಥಿಲಿ ಮೂರು ಸಲ ಕರೆದ ಮೇಲೆ ಅವನು ಓಗೊಡುತ್ತಿದ್ದುದು, ಮೊದಲೆರಡು ಕೇಳಿಸಿದರೂ.

ಆಕೆ ತೃಪ್ತಿಯಿಂದ ತಲೆಯಾಡಿಸಿದರು. ಆದರೆ ಇದು ಹೆಂಗಸು ಕರೆಯುವುದು, ಗಂಡಸರು ಹೀಗೆ ಕರೆಯುವುದಿಲ್ಲ, ನಿಮಗೆ ಹೊಂದುವುದಿಲ್ಲ ಎಂದರು.

"ಹಂಗಾದ್ರೆ ಇವರ ಗಂಡ ಇವರನ್ನ ಏನಂತ ಕರೀತಿದ್ರು, ಕೇಳೇ," ಎಂದ ಮಧುಕರ.

ನಿಕಿತಾ ಕೇಳಿದಳು. ಹಿಸಾಕೊ ಸ್ವಲ್ಪ ಯೋಚಿಸಿದರು, ಆಮೇಲೆ ಗದ್ದ ಎದೆಗೆ ಒತ್ತಿ, ಗಂಡು ದನಿ ಮಾಡಿ, "ಓಯ್!" ಎಂದರು.

"ಬರೀ ಓಯಾ?" ಎಂದ ಚಿದಾನಂದ.

"ಓನ್ಲಿ ಓಯ್. ಥರ್ಟಿ ಒನ್ ಇಯರ್ಸ್."

ನಿಕಿತಾ ಪಕಪಕ ನಗತೊಡಗಿದಳು, ನಗುತ್ತ ಕಣ್ಣೊರೆಸಿಕೊಂಡಳು, ನಗುತ್ತಲೇ ಅಪ್ಪನ ಕಡೆ ಕೈ ತೋರಿಸಿದಳು. "ಹೂಂ ಮತ್ತೆ, ಇವರೂ ಅದೇ!" ಎಂದಳು ಭಾವನಾ. "ಓಯ್ ಕಾಫಿ, ಓಯ್ ಟವೆಲ್ಲು. ಪಾಪ ಮೈಥಿಲಿ." ಮಧುಕರನ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದದ್ದು ಎರಡೇ ಕಡೆ: ಪಾಸ್‌ಪೋರ್ಟ್ ಆಫೀಸಿನಲ್ಲಿ ಒಮ್ಮೆ, ಆಸ್ಪತ್ರೆಯ ಕೌಂಟರಿನಲ್ಲಿ ಒಮ್ಮೆ. ಎರಡೂ ಕಡೆ ಅದು ಬೇರೆ ಯಾರದೋ ಹೆಸರೆನ್ನಿಸಿತ್ತು.

"ಓಯ್ ಅಂತ ಹಾಡೇ ಇಲ್ಲ ನಮ್ಮಲ್ಲಿ," ಎಂದು ಹಿಸಾಕೊ ಹೇಳಿದ್ದನ್ನು ನಿಕಿತಾ ತಿಳಿಸಿದಳು. ನೀವು ಹಾಡಿ. ಅನತಾ ತೆಗೆದು ಓಯ್ ಹಾಕಿ.

ಹೇಳಿ ಆಕೆ ಮೊಸರು ತಂದ ಭಾವನಾಳಿಗೆ ನೆರವಾಗಲು ಬಗ್ಗಿ ಪಾತ್ರೆಯೊಳಗೆ ಸೌಟು ಅದ್ದತೊಡಗಿದರು. ಮಧುಕರ ಕಣ್ಣು ಮುಚ್ಚಿ ರಾಗ ಹುಡುಕಿದ. ರಾಗ ಸಿಗಲಿಲ್ಲ. ಬಂದದ್ದು ಹಾಡಲ್ಲ, ಸಂಜೆ ಫ್ಯಾಕ್ಟರಿಯಿಂದ ಬಂದು, ಬೂಟು ಬಿಚ್ಚದೆ, ಹಸಿದುಕೊಂಡು, ಮನೆಯ ಹೊಸ್ತಿಲಲ್ಲಿ ನಿಂತು ಹಾಕುವ ಗಂಟಲು.

"ಓಯ್!"

"ಹಾಯ್," ಎಂದರು ಹಿಸಾಕೊ. ತಲೆಯೆತ್ತಲಿಲ್ಲ, ಸೌಟು ಬಿಡಲಿಲ್ಲ. ಅದು ಅವರ ಭಾಷೆಯ ಹೂಂ; ಬಂದೆ ಇರಿ ಎನ್ನುವ ದನಿಯಲ್ಲಿ, ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ ನಾಲಿಗೆ ತಾನಾಗಿ ಓಗೊಟ್ಟಿತ್ತು. ಆಮೇಲೆ ಆಕೆಯ ಕೈ ನಿಂತಿತು. ಮೊಸರು ಸೌಟಿನಿಂದ ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ಹೊತ್ತು?" ಎಂದು ಮಧುಕರ ಕಣ್ಣು ಮುಚ್ಚಿಕೊಂಡೇ ಕೂಗಿಬಿಟ್ಟ.